ಕೆಲಸದ ನಡುವೆ ಪುಟಾಣಿಗಳ ಆಟ: ಮನೆಯಲ್ಲಿರುವ ಗೆರಟೆ, ಹಾಳೆಯೇ ಸಾಕು

ಕಾಸರಗೋಡು: ತೋಟದ ಕೆಲಸ, ಹಟ್ಟಿಯ ಕೆಲಸ, ಬೀಡಿ ಕಟ್ಟುವುದು, ಕುಟುಂಬಶ್ರೀ ಸಭೆ, ಪೇಟೆಯ ಅಂಗಡಿಯ ಕೆಲಸ. ಗಡಿನಾಡಿನ ಹೆಚ್ಚಿನ ಮನೆಗಳಲ್ಲಿ ತಂದೆ ತಾಯಿ ಇಬ್ಬರಿಗೂ ಬಿಡುವು ಎಂಬುದಿಲ್ಲ. ಹಿಂದೆ ಕೂಡುಕುಟುಂಬದಲ್ಲಿ ಅಜ್ಜಿ, ಅತ್ತೆ, ದೊಡ್ಡ ಮಕ್ಕಳು ಯಾರಾದರೊಬ್ಬರು ಮಗುವನ್ನು ಆಡಿಸುತ್ತಿದ್ದರು. ಈಗ ಸಣ್ಣ ಮನೆಗಳಲ್ಲಿ ಒಂದು, ಎರಡು ವರ್ಷದ ಮಗು ಅಮ್ಮನ ಸೆರಗು ಹಿಡಿದು ಎಳೆಯತೊಡಗಿದರೆ ಕೈಗೆ ಸಿಗುವ ಸುಲಭದ ಉಪಾಯ ಮೊಬೈಲ್ ಫೋನ್. ಮಗು ಸುಮ್ಮನಾಗುತ್ತದೆ, ಕೆಲಸವೂ ಸಾಗುತ್ತದೆ. ಆದರೆ ಮಾತು ಕಲಿಯುವ, ಕೈಕಾಲು ಗಟ್ಟಿಯಾಗುವ ಹೊತ್ತು ಹಾಗೆಯೇ ಕಳೆದುಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿ ಆಟಿಕೆಯೂ ಅಲ್ಲ, ಕೆಲಸ ಬಿಟ್ಟು ಮಗುವಿನ ಮುಂದೆ ಗಂಟೆಗಟ್ಟಲೆ ಕೂರುವುದೂ ಅಲ್ಲ. ಮನೆಗೆಲಸದ ನಡುವೆಯೇ, ಮನೆಯಲ್ಲಿ ಬಿದ್ದಿರುವ ವಸ್ತುಗಳಿಂದಲೇ ಮಗುವಿಗೆ ಬೇಕಾದಷ್ಟು ಆಟ ಒದಗಿಸಬಹುದು.

ಆಟ ಯಾಕೆ ಇಷ್ಟು ಮುಖ್ಯ?

ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕೂ ಹೆಚ್ಚು ಭಾಗ 6 ವರ್ಷದೊಳಗೆ ನಡೆಯುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಂದರೆ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿಕೆಯ ಅಡಿಪಾಯ ಬಿದ್ದಿರುತ್ತದೆ. ಆ ಅಡಿಪಾಯ ಹಾಕುವುದು ಪುಸ್ತಕವಲ್ಲ, ಆಟ ಮತ್ತು ಮಾತು.

ಇದು ಬರೀ ಉಪದೇಶದ ಮಾತಲ್ಲ. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಮನೆಗಳಲ್ಲಿ 1986-87ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಲಾಯಿತು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಂದು ಗಂಟೆ ಹೋಗಿ, ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತನಾಡಬೇಕು ಎಂದು ತಾಯಂದಿರಿಗೆ ತೋರಿಸಿಕೊಟ್ಟರು. ಆಟಿಕೆಗಳೆಲ್ಲ ಮನೆಯ ಹಳೆಯ ಸಾಮಾನುಗಳಿಂದ ಮಾಡಿದವು. ಸುಮಾರು 20 ವರ್ಷಗಳ ಬಳಿಕ ನೋಡಿದಾಗ, ಹಾಗೆ ಆಟ ಸಿಕ್ಕಿದ ಮಕ್ಕಳು ಸಿಗದವರಿಗಿಂತ ಶೇ. 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಡಬ್ಬಿ, ಮುಚ್ಚಳ, ಬಟ್ಟೆಚೂರುಗಳ ಆಟದ ಫಲ ಇಷ್ಟು ದೂರ ಬರುತ್ತದೆ.

ನಮ್ಮಲ್ಲೂ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 3 ವರ್ಷದೊಳಗಿನ ಮಕ್ಕಳಿಗಾಗಿ 'ನವಚೇತನಾ' ಎಂಬ ಮಾರ್ಗಸೂಚಿ ತಂದಿದೆ. ಇದರಲ್ಲಿ 36 ತಿಂಗಳಿಗೆ ಹಂಚಿದ 140 ಸರಳ ಚಟುವಟಿಕೆಗಳಿವೆ. ಅಂಗನವಾಡಿ ಟೀಚರ್‌ಗಳನ್ನು ಕೇಳಿದರೆ ಮಗುವಿನ ವಯಸ್ಸಿಗೆ ಹೊಂದುವುದನ್ನು ತಿಳಿದುಕೊಳ್ಳಬಹುದು.

ಮೊಬೈಲ್ ಎಷ್ಟು ಹೊತ್ತು?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆ ಸ್ಪಷ್ಟವಾಗಿದೆ. 2 ವರ್ಷ ತುಂಬುವವರೆಗೆ ಟಿವಿ, ಮೊಬೈಲ್ ಬೇಡವೇ ಬೇಡ. ಅನಂತರ 4 ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಬಾರದು, ಕಡಿಮೆಯಾದಷ್ಟೂ ಒಳ್ಳೆಯದು. 1ರಿಂದ 2 ವರ್ಷದ ಮಗು ದಿನದಲ್ಲಿ ಒಟ್ಟು 3 ಗಂಟೆಯಾದರೂ ಓಡಾಡಿ ಆಡಬೇಕು, ಹಗಲಿನ ನಿದ್ದೆ ಸೇರಿ 11ರಿಂದ 14 ಗಂಟೆ ಮಲಗಬೇಕು.

ಮೊಬೈಲ್ ಕೊಡುವುದರ ದೊಡ್ಡ ನಷ್ಟವೆಂದರೆ ಅದು ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ. ಮಗು 'ಕಾ' ಎಂದು ಕಾಗೆಯತ್ತ ಬೆರಳು ತೋರಿಸಿದಾಗ 'ಹೌದು, ಕಾಗೆ ಬಂತು, ಅನ್ನ ಬೇಕಂತೆ' ಎಂದು ಅಮ್ಮ ಹೇಳುತ್ತಾಳೆ. ಮಗು ಮತ್ತೆ ಏನೋ ಹೇಳುತ್ತದೆ. ಹೀಗೆ ಚೆಂಡಿನ ಹಾಗೆ ಅತ್ತಿಂದಿತ್ತ ಹೋಗುವ ಮಾತೇ ಮಿದುಳನ್ನು ಬೆಳೆಸುವುದು. ಫೋನಿನಲ್ಲಿ ಚೆಂಡು ಒಂದೇ ಕಡೆಯಿಂದ ಬರುತ್ತದೆ. ದೂರದ ಊರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ಇರುವ ಅಪ್ಪನೊಂದಿಗೆ ವಿಡಿಯೋ ಕರೆಯಲ್ಲಿ ಮಾತನಾಡುವುದು ಬೇರೆ ಮಾತು. ಅಲ್ಲಿ ಉತ್ತರ ಕೊಡುವ ಮನುಷ್ಯನಿದ್ದಾನೆ.

ಅಡುಗೆ ಕೋಣೆಯ ಆಟ

ಅಡುಗೆ ಮಾಡುವ ಹೊತ್ತಿನಲ್ಲಿ ಮಗುವನ್ನು ಒಲೆಯಿಂದ ದೂರ, ಆದರೆ ಕಣ್ಣಿಗೆ ಕಾಣುವಂತೆ ಬಾಗಿಲ ಬಳಿ ಒಂದು ಚಾಪೆಯ ಮೇಲೆ ಕೂರಿಸಿ. ಕೆಳಗಿನ ಒಂದು ತಟ್ಟು ಮಗುವಿನದೇ ಎಂದು ಬಿಟ್ಟುಕೊಡಿ. ಅಲ್ಲಿ ಒಡೆಯದ ಪಾತ್ರೆಗಳಷ್ಟೇ ಇರಲಿ.

ಡಬ್ಬಿ ಮತ್ತು ಮುಚ್ಚಳ: ಬೇರೆ ಬೇರೆ ಅಳತೆಯ ಮೂರು ನಾಲ್ಕು ಡಬ್ಬಿಗಳನ್ನು ಮುಚ್ಚಳ ತೆಗೆದು ಕೊಡಿ. ಯಾವ ಡಬ್ಬಿಗೆ ಯಾವ ಮುಚ್ಚಳ ಎಂದು ಹುಡುಕುವುದರಲ್ಲಿ ಹತ್ತು ನಿಮಿಷ ಕಳೆಯುತ್ತದೆ. ದೊಡ್ಡದು, ಸಣ್ಣದು ಎಂಬ ಲೆಕ್ಕದ ಮೊದಲ ಪಾಠವೂ ಇದೇ.

ಲೋಟಗಳ ಗೋಪುರ: ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಇಡುವುದು, ಬೀಳಿಸುವುದು. ಶಬ್ದ ಕೇಳಲಾಗದಿದ್ದರೆ ಪ್ಲಾಸ್ಟಿಕ್ ಲೋಟ ಕೊಡಬಹುದು. ಬೀಳಿಸುವುದನ್ನು ತುಂಟತನ ಎಂದು ಗದರಬೇಡಿ. 'ಕೈಬಿಟ್ಟರೆ ಏನಾಗುತ್ತದೆ' ಎಂದು ಮಗು ಪರೀಕ್ಷಿಸುತ್ತಿರುತ್ತದೆ.

ಹಿಟ್ಟಿನ ಉಂಡೆ: ಚಪಾತಿ ಹಿಟ್ಟಿನ ಒಂದು ಉಂಡೆ ಕೊಟ್ಟರೆ ಒತ್ತುವುದು, ಲಟ್ಟಿಸುವುದು, ಹಾವು ಮಾಡುವುದು ಎಲ್ಲ ನಡೆಯುತ್ತದೆ. ಚಿಟಿಕೆ ಅರಸಿನ ಸೇರಿಸಿದರೆ ಬಣ್ಣ ಬರುತ್ತದೆ. ಉಪ್ಪು ಹೆಚ್ಚು ಹಾಕಿದ ಹಿಟ್ಟು ಬೇಡ. ಮಗು ಅದನ್ನು ತಿನ್ನದೆ ಬಿಡುವುದಿಲ್ಲ.

ತರಕಾರಿ ವಿಂಗಡಣೆ: ಸಂತೆಯಿಂದ ತಂದ ಚೀಲ ಬಿಚ್ಚುವಾಗ ಬಟಾಟೆ ಒಂದು ಬುಟ್ಟಿಗೆ, ನೀರುಳ್ಳಿ ಇನ್ನೊಂದು ಬುಟ್ಟಿಗೆ ಹಾಕಲು ಹೇಳಿ. ಎರಡು ವರ್ಷದ ಮಗು ಇದನ್ನು ಬಹಳ ಗಂಭೀರವಾಗಿ ಮಾಡುತ್ತದೆ. ದೊಡ್ಡವರ ಕೆಲಸದಲ್ಲಿ ಪಾಲು ಸಿಕ್ಕಿದ ಖುಷಿ ಬೇರೆ.

ನೀರಿನ ಆಟ

ಬಟ್ಟೆ ಒಗೆಯುವಾಗ, ಪಾತ್ರೆ ತೊಳೆಯುವಾಗ ಮಗುವಿಗೆ ಅಗಲದ ಬೋಗುಣಿಯಲ್ಲಿ ಸ್ವಲ್ಪವೇ ನೀರು, ಎರಡು ಗೆರಟೆ ಕೊಡಿ. ಒಂದರಿಂದ ಇನ್ನೊಂದಕ್ಕೆ ಸುರಿಯುವುದು ಸಾಕಷ್ಟು ಹೊತ್ತಿನ ಆಟ. ಗೆರಟೆಯ ಕಣ್ಣಿಗೆ ತೂತು ಮಾಡಿದರೆ ಮಳೆಯಂತೆ ನೀರು ಇಳಿಯುತ್ತದೆ. ಎಲೆ, ಚಮಚ, ಪ್ಲಾಸ್ಟಿಕ್ ಮುಚ್ಚಳ ಹಾಕಿ ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ನೋಡಬಹುದು. ಸಣ್ಣ ಕರವಸ್ತ್ರ ಒಂದನ್ನು 'ಒಗೆಯಲು' ಕೊಟ್ಟರೆ ಹಿಂಡುವ ಕೆಲಸದಲ್ಲಿ ಬೆರಳುಗಳು ಗಟ್ಟಿಯಾಗುತ್ತವೆ. ಮುಂದೆ ಪೆನ್ಸಿಲ್ ಹಿಡಿಯುವುದು ಇದೇ ಬೆರಳುಗಳು.

ಒಂದು ಮಾತು ಮರೆಯಬಾರದು. ಸಣ್ಣ ಮಗು ಮುಳುಗಲು ಎರಡು ಇಂಚು ನೀರು ಸಾಕು. ನೀರಿನ ಆಟ ದೊಡ್ಡವರ ಕೈಯಳತೆಯಲ್ಲಿ ಮಾತ್ರ. ಆಟ ಮುಗಿದ ಕೂಡಲೇ ನೀರು ಚೆಲ್ಲಿ, ಬಕೆಟ್ ಮಗುಚಿ ಹಾಕಿ.

ಅಂಗಳದ ಆಟ

ಅಡಕೆ ತೋಟವಿರುವ ಮನೆಯಲ್ಲಿ ಹಾಳೆಗೆ ಬರವಿಲ್ಲ. ಹಾಳೆಯ ಮೇಲೆ ಮಗುವನ್ನು ಕೂರಿಸಿ ಅಕ್ಕನೋ ಅಣ್ಣನೋ ಅಂಗಳದಲ್ಲಿ ಎಳೆಯುವುದು ಈ ನಾಡಿನ ಹಳೆಯ ಬಂಡಿ. ಕೂತ ಮಗು ಬೀಳದಂತೆ ಸಮತೋಲನ ಕಲಿಯುತ್ತದೆ. ಎರಡೂವರೆ ವರ್ಷದ ಮಗು ತಾನೇ ಹಾಳೆಯಲ್ಲಿ ಬೊಂಬೆಯನ್ನೋ ತೆಂಗಿನಕಾಯಿಯನ್ನೋ ಕೂರಿಸಿ ಎಳೆಯಬಲ್ಲದು.

ತೆಂಗಿನ ಗರಿಯಿಂದ ಗಿರಗಿಟ್ಟಿ, ಪೀಪಿ, ವಾಚು, ಹಾವು ಮಾಡಲು ಅಜ್ಜಂದಿರಿಗೆ ಬರುತ್ತದೆ. ಮಾಡಲು ಐದು ನಿಮಿಷ ಬೇಕಾಗುವ ಇವು ಅರ್ಧ ದಿನದ ಆಟಿಕೆಗಳು. ಹರಿದ ಸೀರೆಯ ತುಂಡುಗಳನ್ನು ಒಳಗೆ ತುಂಬಿ ಕಾಲುಚೀಲ ಕಟ್ಟಿದರೆ ಮೆತ್ತನೆಯ ಚೆಂಡು. ಒಣ ಎಲೆ ಹೆಕ್ಕಿ ಬುಟ್ಟಿಗೆ ತುಂಬುವುದು, ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅದರ ಮೇಲೆ ನಡೆಯುವುದು, ಗೋಡೆಗೆ ನೀರಿನ ಬ್ರಶ್ಶಿನಿಂದ 'ಬಣ್ಣ' ಹಚ್ಚುವುದು, ಇವಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ತಾಳವಾಡಿ, ಹೊಸೂರು, ಸೊಲ್ಲಾಪುರ, ಜತ್ತ ಕಡೆಯ ಮನೆಗಳಲ್ಲಿ ಹಾಳೆ ಸಿಗದಿದ್ದರೂ ಕೊರತೆಯಿಲ್ಲ. ಜೋಳದ ದಂಟಿನ ಬಂಡಿ, ಮಣ್ಣಿನ ಎತ್ತು, ಬಟ್ಟೆಯ ಗೊಂಬೆ ಅಲ್ಲಿನ ಅಂಗಳದ ಸಂಪತ್ತು. ಊರು ಬೇರೆಯಾದರೂ ಆಟದ ಲೆಕ್ಕ ಒಂದೇ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಕ್ಕಳು ಮನೆಯೊಳಗೆ ಬಂಧಿಗಳು. ಆಗ ಎರಡು ಕುರ್ಚಿಗಳ ಮೇಲೆ ಹಳೆಯ ಸೀರೆ ಹೊದಿಸಿದರೆ ಗುಡಿಸಲು ಸಿದ್ಧ. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ ಬಸ್ಸಾಗುತ್ತದೆ, ಅಂಗಡಿಯಾಗುತ್ತದೆ, ಬೆಕ್ಕಿನ ಮನೆಯಾಗುತ್ತದೆ. ದಿಂಬುಗಳನ್ನು ಸಾಲಾಗಿ ಇಟ್ಟು ಹತ್ತಿ ಇಳಿಯಲು ಬಿಡಿ. ಹಳೆಯ ಪತ್ರಿಕೆ ಹರಿಯಲು ಕೊಡಿ, ಹರಿದ ಚೂರನ್ನು ಉಂಡೆ ಕಟ್ಟಿ ಬುಟ್ಟಿಗೆ ಎಸೆಯಲಿ. ಕಾಗದದ ದೋಣಿಯನ್ನು ಜಗಲಿಯ ಬದಿಯ ನೀರಿನಲ್ಲಿ ಬಿಡುವಾಗ ಮಗುವಿನ ಕೈ ಹಿಡಿದಿರಬೇಕು.

ಬೀಡಿ, ಅಡಕೆ ಕೆಲಸದ ಹೊತ್ತಿನಲ್ಲಿ

ಬೀಡಿ ಕಟ್ಟುವ ತಾಯಂದಿರಿಗೆ ಕೂಲಿ ಲೆಕ್ಕದಲ್ಲಿ ಸಿಗುವುದರಿಂದ ಕೈ ನಿಂತರೆ ನಷ್ಟ. ಅಡಕೆ ಸುಲಿಯುವವರದೂ ಇದೇ ಸ್ಥಿತಿ. ಇಂಥವರಿಗೆ ಅನುಕೂಲವಾದದ್ದು ಕೈಗೆ ಕೆಲಸವಿದ್ದರೂ ಬಾಯಿಂದ ಆಡಬಹುದಾದ ಆಟಗಳು.

'ಮೂಗು ಎಲ್ಲಿ, ಕಿವಿ ಎಲ್ಲಿ' ಎಂದು ಕೇಳುವುದು. 'ಅಮ್ಮನಿಗೆ ಕೆಂಪು ಬಟ್ಟೆ ತಂದುಕೊಡು', 'ಚೆಂಡನ್ನು ಬಾಗಿಲ ಹಿಂದೆ ಇಡು' ಎಂದು ಸಣ್ಣ ಸಣ್ಣ ಕೆಲಸ ಹೇಳುವುದು. ಹಸು, ನಾಯಿ, ಕೋಳಿ, ಬಸ್ಸಿನ ಶಬ್ದ ಮಾಡಿ ಯಾವುದೆಂದು ಕೇಳುವುದು. ಮನೆಯಲ್ಲಿ ಹಾಡಿಕೊಂಡು ಬಂದ ಶಿಶುಹಾಡನ್ನು ಅರ್ಧಕ್ಕೆ ನಿಲ್ಲಿಸಿ ಮಗು ಮುಂದಿನ ಪದ ಹೇಳುವವರೆಗೆ ಕಾಯುವುದು. ಕಾಯುವುದೇ ಇಲ್ಲಿ ಮುಖ್ಯ. ಪುಟ್ಟ ಮಗುವಿಗೆ ಉತ್ತರ ಹುಡುಕಲು ಐದಾರು ಸೆಕೆಂಡು ಬೇಕು.

ಹತ್ತು ನಿಮಿಷದ ಲೆಕ್ಕವೂ ಇದೆ. ಕೆಲಸಕ್ಕೆ ಕೂರುವ ಮೊದಲು ಹತ್ತು ನಿಮಿಷ ಮಗುವಿನೊಂದಿಗೆ ನೆಲದಲ್ಲಿ ಕೂತು ಪೂರ್ತಿ ಗಮನ ಕೊಟ್ಟರೆ, ಅನಂತರ ಅದು ತಾನಾಗಿ ಸ್ವಲ್ಪ ಹೊತ್ತು ಆಡಿಕೊಳ್ಳುವುದು ಸುಲಭ. ಗಮನ ಸಿಗದೆ ಹಟ ಮಾಡುವ ಮಗುವನ್ನು ಸಮಾಧಾನಿಸಲು ಅದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ.

ಹೊಗೆಸೊಪ್ಪಿನ ಪುಡಿ ಮಾತ್ರ ಮಗುವಿನ ಬಾಯಿಗೆ ಹೋಗಲೇಬಾರದು. ಅದರ ನಿಕೋಟಿನ್ ಸಣ್ಣ ಮಕ್ಕಳಿಗೆ ವಿಷ. ಬೀಡಿಯ ಮೊರ ಎತ್ತರದಲ್ಲಿರಲಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಆಟಿಕೆ ಹೆಚ್ಚಿದಷ್ಟೂ ಆಟ ಕಡಿಮೆ

ಜಾತ್ರೆಯಲ್ಲಿ, ಹಬ್ಬದಲ್ಲಿ ಕೊಂಡ ಆಟಿಕೆಗಳ ರಾಶಿಯಿದ್ದರೂ ಮಗು ಆಡುವುದಿಲ್ಲ ಎಂಬ ದೂರು ಸಾಮಾನ್ಯ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 18ರಿಂದ 30 ತಿಂಗಳ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 4 ಆಟಿಕೆ ಇದ್ದಾಗಲೇ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಆದ್ದರಿಂದ ಇರುವ ಆಟಿಕೆಗಳನ್ನು ಮೂರು ಚೀಲಗಳಲ್ಲಿ ಹಂಚಿಡಿ. ಒಂದು ಚೀಲ ಹೊರಗೆ, ಎರಡು ಅಟ್ಟದಲ್ಲಿ. ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ.

ಎರಡು ಭಾಷೆಯ ಮನೆ, ಗೊಂದಲ ಬೇಡ

ಗಡಿನಾಡಿನ ತಂದೆ ತಾಯಂದಿರನ್ನು ಕಾಡುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಯಲ್ಲಿ ಮಲಯಾಳ, ಟಿವಿಯಲ್ಲಿ ಮತ್ತೊಂದು. ಮಗುವಿನ ಮಾತು ತಡವಾದರೆ 'ಭಾಷೆ ಹೆಚ್ಚಾಯಿತು, ಒಂದೇ ಭಾಷೆ ಮಾತನಾಡಿ' ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಆಗ ಮೊದಲು ಬಿಟ್ಟುಹೋಗುವುದು ಮನೆಮಾತೇ.

ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ ಎಂಬುದು ಸಂಶೋಧನೆಗಳಿಂದ ದೃಢಪಟ್ಟ ವಿಷಯ. ಮಗುವಿಗೆ ತಿಳಿದ ಪದಗಳು ಎರಡು ಭಾಷೆಗಳಲ್ಲಿ ಹಂಚಿಹೋಗಿರುತ್ತವೆ, ಅಷ್ಟೇ. ನೀರಿಗೆ 'ನೀರು' ಎಂದು, ಬೆಕ್ಕಿಗೆ 'ಪೂಚ್ಚ' ಎಂದು ಹೇಳುವ ಮಗುವಿಗೆ ಎರಡು ಪದ ಬರುತ್ತದೆ ಎಂದೇ ಲೆಕ್ಕ. ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ಸಹಜ.

ಇದನ್ನೇ ಆಟ ಮಾಡಬಹುದು. ಅಮ್ಮ 'ಬೆಕ್ಕು' ಎನ್ನಲಿ, ಅಜ್ಜಿ ತುಳುವಿನಲ್ಲಿ 'ಪುಚ್ಚೆ' ಎನ್ನಲಿ, ನೆರೆಮನೆಯ ಚೇಚಿ 'ಪೂಚ್ಚ' ಎನ್ನಲಿ. ಯಾರ ಹತ್ತಿರ ಯಾವ ಹೆಸರು ಎಂಬುದನ್ನು ಮಗು ಬೇಗ ಹಿಡಿಯುತ್ತದೆ. ತಂದೆ ತಾಯಿ ತಮಗೆ ಸಲೀಸಾದ ಭಾಷೆಯಲ್ಲೇ ಮಾತನಾಡಬೇಕು. ಬಾರದ ಇಂಗ್ಲಿಷಿನಲ್ಲಿ ನಾಲ್ಕು ಪದ ಹೇಳುವುದಕ್ಕಿಂತ ಬರುವ ಕನ್ನಡದಲ್ಲಿ ನಾನೂರು ಪದ ಹೇಳುವುದು ಮಗುವಿಗೆ ಲಾಭ. ಅಂಗನವಾಡಿ, ಶಾಲೆಯ ಭಾಷೆ ಅಲ್ಲಿ ಬರುತ್ತದೆ. ಮನೆಮಾತು ಮನೆಯಲ್ಲಿ ಸಿಗದಿದ್ದರೆ ಬೇರೆಲ್ಲೂ ಸಿಗದು.

ಯಾವ ವಯಸ್ಸಿಗೆ ಯಾವ ಆಟ?

1ರಿಂದ ಒಂದೂವರೆ ವರ್ಷ: ಡಬ್ಬಿಗೆ ಹಾಕುವುದು, ತೆಗೆಯುವುದು. ಬಟ್ಟೆಯಡಿ ಅಡಗಿಸಿದ ವಸ್ತು ಹುಡುಕುವುದು. ಪಾತ್ರೆ ಬಡಿಯುವುದು. ಚೆಂಡು ಉರುಳಿಸುವುದು.

ಒಂದೂವರೆಯಿಂದ 2 ವರ್ಷ: ಗೋಪುರ ಕಟ್ಟುವುದು, ನೀರು ಸುರಿಯುವುದು, ಎಳೆಯುವುದು, ನೂಕುವುದು, ದೊಡ್ಡವರ ಕೆಲಸದ ಅನುಕರಣೆ.

2ರಿಂದ 3 ವರ್ಷ: ವಿಂಗಡಿಸುವುದು, ಅಂಗಡಿಯಾಟ, ಅಡುಗೆಯಾಟ, ಬೊಂಬೆಗೆ ಉಣ್ಣಿಸುವುದು, ಜಿಗಿಯುವುದು, ಗೆರೆ ಎಳೆಯುವುದು.

ಇದು ಅಂದಾಜು ಮಾತ್ರ. ಈ ವಯಸ್ಸಿನ ಮಗು ಒಂದು ಆಟದಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ, ಇಷ್ಟವಾದದ್ದನ್ನು ನೂರು ಸಲ ಮಾಡುತ್ತದೆ. ಎರಡೂ ಸರಿ. ಗಂಡು ಮಗುವಿಗೆ ಅಡುಗೆಯಾಟ, ಹೆಣ್ಣು ಮಗುವಿಗೆ ಬಂಡಿಯಾಟ ಕೊಡಲು ಹಿಂಜರಿಯಬೇಕಾಗಿಲ್ಲ.

ಎಚ್ಚರ ವಹಿಸಬೇಕಾದದ್ದು

* ದೊಡ್ಡ ಟಾರ್ಚಿಗೆ ಹಾಕುವ ಸೆಲ್ಲಿಗಿಂತ ಸಪೂರವಾದ ವಸ್ತು 3 ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅಡಕೆ, ಹುಣಸೆ ಬೀಜ, ಗೋಲಿ, ಕಡಲೆ, ನಾಣ್ಯ ಆಟಕ್ಕೆ ಬೇಡ. ಚೆನ್ನೆಮಣೆಯ ಕಾಯಿಗಳೂ ಈ ವಯಸ್ಸಿಗಲ್ಲ.

* ಕೆಂಪು, ಕಪ್ಪು ಬಣ್ಣದ ಗುಲಗಂಜಿ ಅಂದವಾಗಿದ್ದರೂ ಜೀವ ತೆಗೆಯುವಷ್ಟು ವಿಷಕಾರಿ. ಅಂಗಳದಲ್ಲಿ ಬಿದ್ದಿದ್ದರೆ ಹೆಕ್ಕಿ ತೆಗೆಯಿರಿ.

* ರಿಮೋಟ್, ವಾಚು, ಆಟಿಕೆಗಳ ಗುಂಡು ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ ಸಂಶಯ ಬಂದರೂ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

* ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಮಗುವಿನ ಕೈಗೆ ಗೇರುಬೀಜ ಕೊಡಬೇಡಿ.

* ಮೈಲುತುತ್ತು, ಕೀಟನಾಶಕ ಇದ್ದ ಡಬ್ಬಿ, ಕ್ಯಾನುಗಳು ಎಷ್ಟು ತೊಳೆದರೂ ಆಟಿಕೆಯಲ್ಲ.

* ಒಂದು ಗೇಣಿಗಿಂತ ಉದ್ದದ ದಾರ, ಪ್ಲಾಸ್ಟಿಕ್ ತೊಟ್ಟೆ, ಒಡೆದ ಬಲೂನು ಬೇಡ. ಗೆರಟೆಯ ಅಂಚು ಉಜ್ಜಿ ನಯ ಮಾಡಿ ಕೊಡಿ.

* ಬಾವಿ, ಕೆರೆ, ತೋಟದ ಹೊಂಡಗಳಿಗೆ ತಡೆ ಇರಲೇಬೇಕು. ಐದಾರು ವರ್ಷದ ಅಕ್ಕ ಆಡಿಸಬಲ್ಲಳು, ಕಾಯುವ ಹೊಣೆ ಅವಳದ್ದಲ್ಲ.

ಆಟದಲ್ಲೇ ತಿಳಿಯುವ ಸೂಚನೆ

ದಿನವೂ ಜೊತೆಯಲ್ಲಿ ಆಡುವವರಿಗೆ ಮಗುವಿನ ತೊಂದರೆ ಬೇಗ ಗೊತ್ತಾಗುತ್ತದೆ. ಒಂದೂವರೆ ವರ್ಷವಾದರೂ ಆಧಾರವಿಲ್ಲದೆ ನಡೆಯದಿದ್ದರೆ, ಬೇಕಾದದ್ದನ್ನು ಬೆರಳಿಂದ ತೋರಿಸದಿದ್ದರೆ, ಅಮ್ಮ, ಅಪ್ಪ ಬಿಟ್ಟು ಬೇರೆ ಮೂರು ಪದವಾದರೂ ಹೇಳಲು ಯತ್ನಿಸದಿದ್ದರೆ ವಿಚಾರಿಸಬೇಕು. 2 ವರ್ಷವಾದರೂ 'ಹಾಲು ಬೇಕು' ಎಂಬಂತೆ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಕಾಯಬಾರದು. 'ಅವನ ಅಪ್ಪನೂ ತಡವಾಗಿಯೇ ಮಾತನಾಡಿದ್ದು' ಎಂಬ ಸಮಾಧಾನದಲ್ಲಿ ಅಮೂಲ್ಯ ತಿಂಗಳುಗಳು ಕಳೆಯುತ್ತವೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿದರೆ ಮುಂದಿನ ತಪಾಸಣೆಗೆ ಕಳುಹಿಸುತ್ತಾರೆ. ಕೇರಳದ ಅಂಗನವಾಡಿಗಳಿಂದ 3 ವರ್ಷದೊಳಗಿನ ಮಕ್ಕಳಿಗೆ ಅಮೃತಂ ಪುಡಿ ತರಲು ಹೋಗುವ ದಿನವೇ ಈ ವಿಷಯ ಕೇಳಬಹುದು, ಪ್ರತ್ಯೇಕ ರಜೆ ಹಾಕಬೇಕಾಗಿಲ್ಲ. ಬೆಳವಣಿಗೆ ನಿಧಾನವಿರುವ, ಅಂಗವೈಕಲ್ಯವಿರುವ ಮಗುವಿಗೂ ಆಟ ಬೇಕು, ಇನ್ನೂ ಹೆಚ್ಚು ಬೇಕು. ಅದರ ಆಟದ ವೇಗ ಮಾತ್ರ ಬೇರೆ.

ಇವೆಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ನಾಳೆ ಅಡುಗೆಗೆ ನಿಲ್ಲುವಾಗ ಎರಡು ಡಬ್ಬಿ, ಎರಡು ಮುಚ್ಚಳ ಚಾಪೆಯ ಮೇಲಿಟ್ಟು ನೋಡಿ. ಫೋನನ್ನು ಕಪಾಟಿನ ಮೇಲಿಡಿ. ಮೊದಲ ಎರಡು ಮೂರು ದಿನ ಮಗು ಅಳಬಹುದು, ಫೋನಿಗಾಗಿ ಹಟ ಮಾಡಬಹುದು. ಬಿಟ್ಟುಕೊಡದೆ ಮಾತನಾಡಿಸುತ್ತಿದ್ದರೆ ಡಬ್ಬಿಯ ಕಡೆಗೆ ಕೈ ಬಂದೇ ಬರುತ್ತದೆ.